ಸೋತ ದಿನದ ಹೋಳಿಗೆ

ನಮ್ಮ ಮನೆಯಲ್ಲಿ ಹೋಳಿಗೆಯ ವಾಸನೆ ಬಂದರೆ ಯಾರೂ ಏನನ್ನೂ ಕೇಳುತ್ತಿರಲಿಲ್ಲ. ಹೊರಗಿನವರು ಬಂದರೆ ಬಾಗಿಲಲ್ಲೇ ಮೂಗರಳಿಸಿ ಇವತ್ತೇನು ವಿಶೇಷ ಎನ್ನುತ್ತಿದ್ದರು. ನಾವು ಮನೆಯವರು ಮಾತ್ರ ಶೂ ಬಿಚ್ಚಿಟ್ಟು, ಸದ್ದಿಲ್ಲದೆ ಮೆಟ್ಟಿಲು ಹತ್ತಿ, ಕೈ ತೊಳೆದುಕೊಂಡು ಊಟದ ಮೇಜಿಗೆ ಕೂರುತ್ತಿದ್ದೆವು. ಅವತ್ತು ಅವ್ವನ ಲಸಿಕೆ ಸೋತಿದೆ ಎಂದು ಅರ್ಥ. ಅವ್ವ ಮಲೇರಿಯಾಕ್ಕೆ ಲಸಿಕೆ ಹುಡುಕುವವಳಾಗಿದ್ದಳು. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಅದೊಂದನ್ನೇ ಹುಡುಕಿದಳು. ಒಂದೊಂದು ಲಸಿಕೆಯ ಹಿಂದೆಯೂ ವರ್ಷಗಟ್ಟಲೆ ಕೆಲಸವಿರುತ್ತಿತ್ತು. ಅದು ಫಲಿಸಲಿಲ್ಲ ಎಂದು ಖಚಿತವಾದ ದಿನ ಮನೆಗೆ ಬಂದು, ಕೋಟು ತೆಗೆದು, ಕಡಲೆಬೇಳೆ ಬೇಯಲು ಇಡುತ್ತಿದ್ದಳು.

ಅವ್ವ ತೀರಿಕೊಂಡು ಇನ್ನೂ ಬಹಳ ದಿನಗಳಾಗಿಲ್ಲ. ಸೂತಕ ಕಳೆದ ಮೇಲಿನ ಸಿಹಿ ಊಟದ ವಿಚಾರ ಕೇಳಲು ಪುರೋಹಿತರಿಗೆ ಫೋನ್ ಮಾಡಿದ್ದೆ. ಅವರು ಬೆಂಗಳೂರಿನ ಕಡೆಯವರು, ಮೃದುವಾಗಿ ಮಾತನಾಡುವವರು.

"ಸಿಹಿ ಏನಾದ್ರೂ ಆಗುತ್ತಮ್ಮ, ನಿಮ್ಮನೇಲಿ ರೂಢಿ ಇರೋದು ಮಾಡಿ. ಆಗ್ಲಿಲ್ಲ ಅಂದ್ರೆ ಬೆಲ್ವ್ಯೂ ಅಂಗಡೀಲಿ ಪಿಕಪ್ ಮಾಡ್ಕೊಂಡ್ಬಿಡಿ. ಟೆನ್ಷನ್ ತಗೋಬೇಡಿ."

ಅಪ್ಪ ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಿದ್ದರು. ನಾನು ಫೋನ್ ಕೆಳಗಿಟ್ಟ ಕೂಡಲೇ ಹೇಳಿದರು:

"ಪೇಡೆ ತಗೊಂಡ ಬಾ. ಹೋಳಗಿ ಮಾತ್ರ ಬ್ಯಾಡ, ವೀಣಾ. ನಿಮ್ಮವ್ವ ಸೋತಳು ಅಂತ ನಾ ಈ ಮನ್ಯಾಗ ಇನ್ನೊಮ್ಮೆ ತಿನ್ನೂದಿಲ್ಲ."

ಆಯಿತು ಎಂದೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಅವ್ವನ ಬದುಕಿನ ಲೆಕ್ಕ ಸೋಲೆಂದೇ ಮುಗಿಯಿತೇ ಎಂದು ಸಿಹಿ ಊಟಕ್ಕೆ ಉಳಿದಿದ್ದ ಮೂರು ದಿನವೂ ಅಡುಗೆಮನೆಯಲ್ಲಿ ಯೋಚಿಸಿದೆ. ಅದನ್ನು ಯೋಚಿಸಬೇಕಾದರೆ ನಾನು ಈ ಮನೆಗೆ ಮೊದಲು ಬಂದ ದಿನಗಳಿಗೇ ಹೋಗಬೇಕು.

ಬೆಲ್ವ್ಯೂ ಪಕ್ಕದ ನ್ಯೂಕ್ಯಾಸಲ್‌ನ ಇಳಿಜಾರಿನಲ್ಲಿರುವ ಈ ಮನೆಯ ಮುಂಬಾಗಿಲು ತೆಗೆದರೆ ಎದುರಿಗೆ ಮೆಟ್ಟಿಲುಗಳೇ ಇವೆ. ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ. ಮೇಲೆ ಅಡುಗೆಮನೆ, ನಡುಮನೆ, ನಮ್ಮ ಕೋಣೆಗಳು; ಕೆಳಗೆ ಗ್ಯಾರೇಜು ಮತ್ತು ಅಜ್ಜಿಯ ಕೋಣೆ. ಧಾರವಾಡದಿಂದ ಈ ದೇಶಕ್ಕೆ ಬಂದಾಗ ನಾನು ಎರಡನೆಯ ಇಯತ್ತೆ ಮುಗಿಸಿದ್ದೆ. ಅಜ್ಜಿ ಅಪ್ಪನ ತಾಯಿ; ನಮ್ಮೊಂದಿಗೇ ಬಂದವಳು. ಟವೆಲ್ಲು, ಹಾಸಿಗೆ ಬಟ್ಟೆ ಇಡುವ ಕಪಾಟನ್ನು ಖಾಲಿ ಮಾಡಿಸಿ ದೇವರನ್ನು ಅಲ್ಲಿ ಕೂರಿಸಿದಳು. ದೀಪ ಹಚ್ಚಿದರೆ ಹೊಗೆಯ ಅಲಾರಂ ಕೂಗುತ್ತದೆಂದು ಪೂಜೆಯ ಹೊತ್ತಿಗೆ ಅಪ್ಪ ಕುರ್ಚಿ ಹತ್ತಿ ಅದರ ಬ್ಯಾಟರಿ ತೆಗೆಯುವುದು ನಮ್ಮ ಮನೆಯ ನಿತ್ಯದ ವಿಧಿಯಾಗಿತ್ತು. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಊರಿನಿಂದ ತಂದ ಹಳೆಯ ವಾರಪತ್ರಿಕೆಗಳನ್ನು ಶಾಲೆಯಿಂದ ಬಂದ ಮೇಲೆ ನಾನು ಅವಳಿಗೆ ಗಟ್ಟಿಯಾಗಿ ಓದಿ ಹೇಳಬೇಕಿತ್ತು. ನನ್ನ ಕನ್ನಡ ಉಳಿದದ್ದು ಅದರಿಂದ. ತಮ್ಮ ಕಿಶೋರ್ ಇಲ್ಲಿಯೇ ಹುಟ್ಟಿದವನು. ಅವನಿಗೆ ಎಲ್ಲವೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೋಳಿಗೆಯ ವಾಸನೆ ಬಂದಾಗ ಬಾಯಿಬಿಟ್ಟು ಕೇಳುತ್ತಿದ್ದವನು ಅವನೊಬ್ಬನೇ. ಬಾಗಿಲಲ್ಲಿ ನಿಂತು "ವಾಟ್ ಫೇಲ್ಡ್?" ಎನ್ನುತ್ತಿದ್ದ. ಅಜ್ಜಿ ಸಿಟ್ಟಿಗೇಳುತ್ತಿದ್ದಳು. ಅವಳಿಗೆ ಗೊತ್ತಿದ್ದ ಕೆಲವೇ ಇಂಗ್ಲಿಷ್ ಮಾತುಗಳಲ್ಲಿ ಅದೂ ಒಂದು.

ಅವ್ವನ ಲ್ಯಾಬು ಸರೋವರದ ಆಚೆ ಇತ್ತು. ಬೆಳಿಗ್ಗೆ ನಾವು ಏಳುವ ಮೊದಲೇ ಅವಳು ಸರೋವರದ ನಡುವಿನ ಮರ್ಸರ್ ಐಲ್ಯಾಂಡ್ ದಾಟಿರುತ್ತಿದ್ದಳು. ಅಲ್ಲಿ ಅವಳು ಮಾಡುತ್ತಿದ್ದ ಕೆಲಸ ನನಗೆ ಅರ್ಥವಾದದ್ದು ಒಮ್ಮೆ ಅವಳೊಂದಿಗೆ ಹೋದಾಗ. ರೋಗದ ಬೀಜ ಸೊಳ್ಳೆಯ ಜೊಲ್ಲಿನ ಗ್ರಂಥಿಯಲ್ಲಿ ಇರುತ್ತದೆ. ಅದನ್ನು ತೆಗೆದು, ಬಲ ಕುಂದಿಸಿ, ಲಸಿಕೆಯಾಗಿ ಕೊಡಬಹುದೇ ಎಂಬುದು ಅವರ ಪ್ರಶ್ನೆ. ಗ್ರಂಥಿ ತೆಗೆಯಲು ಯಂತ್ರವಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಒಂದು ಸೂಜಿಯಿಂದ ಸೊಳ್ಳೆಯ ಎದೆಯನ್ನು ಒತ್ತಿ ಹಿಡಿದು, ಇನ್ನೊಂದರಿಂದ ತಲೆಯನ್ನು ಮೆಲ್ಲಗೆ ಎಳೆಯಬೇಕು. ಸರಿಯಾಗಿ ಎಳೆದರೆ ತಲೆಯ ಜೊತೆ ಗ್ರಂಥಿಯೂ ಬರುತ್ತದೆ. ಅವಸರ ಮಾಡಿದರೆ ಹರಿಯುತ್ತದೆ. ಒಂದಾದ ಮೇಲೆ ಒಂದು, ಊಟದ ಹೊತ್ತಿನವರೆಗೆ, ಊಟವಾದ ಮೇಲೆ ಮತ್ತೆ. ಅವ್ವನ ಕೈ ಲ್ಯಾಬಿನಲ್ಲೆಲ್ಲ ಹೆಸರಾಗಿತ್ತು. ಕುತ್ತಿಗೆ ಮಾತ್ರ ಸಂಜೆಗೆ ಕಟ್ಟಿಗೆಯಂತೆ ಬಿಗಿಯುತ್ತಿತ್ತು. ಮನೆಗೆ ಬಂದು ನೆಲದ ಮೇಲೆ ಕೂತರೆ ಅಜ್ಜಿ ಹಿಂದೆ ಸ್ಟೂಲಿನ ಮೇಲೆ ಕೂತು ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ತಿಕ್ಕುತ್ತ ಬೈಯುತ್ತಿದ್ದಳು. ಅತ್ತೆ ಸೊಸೆಯರ ಜಗಳಗಳೆಲ್ಲ ನಡೆಯುತ್ತಿದ್ದುದು ಹೀಗೆ, ಒಬ್ಬರ ಕೈ ಇನ್ನೊಬ್ಬರ ಕುತ್ತಿಗೆಯ ಮೇಲಿರುವಾಗ.

ಮೊದಲ ಸಲ ಅವ್ವ ಕೆಲಸದ ದಿನ ಹೋಳಿಗೆಗೆ ಕೂತಾಗ ನನಗೆ ಹಬ್ಬವೆಂದೇ ಅನ್ನಿಸಿತ್ತು. ಹೂರಣ ರುಬ್ಬಿ, ಕಣಕದಲ್ಲಿ ತುಂಬಿ, ಸೂಜಿ ಹಿಡಿಯುವ ಅದೇ ಬೆರಳುಗಳಿಂದ ಅಂಚು ಹರಿಯದಂತೆ ತಟ್ಟಿದಳು. ಊಟಕ್ಕೆ ಕೂತ ಮೇಲೆ ಸಾದಾ ದನಿಯಲ್ಲಿ, ಇಲಿಗಳ ಮೇಲೆ ಮಾಡಿದ ಪ್ರಯೋಗ ಫಲಿಸಲಿಲ್ಲ ಎಂದಳು. ಅಜ್ಜಿಯ ಕೈ ತುಪ್ಪದ ಮಿಳ್ಳಿಯಲ್ಲೇ ನಿಂತಿತು.

"ಹೋಳಗಿ ಅಂದ್ರ ಹಬ್ಬ, ಲಗ್ನ. ನಿನ್ನ ಸೊಳ್ಳಿ ಸತ್ತದ್ದಕ್ಕೆಲ್ಲ ಹೋಳಗಿ ಮಾಡ್ಕೋತ ಕೂತ್ರ ಲಕ್ಷ್ಮಿ ಈ ಮನಿ ಬಾಗಲಕ್ಕ ಬರ್ತಾಳೇನು?"

"ಸೊಳ್ಳಿ ಆರಾಮ ಅವ, ಅತ್ಯಾ. ಇಲಿ ಸತ್ತಾವ."

ಅಪ್ಪ ನಕ್ಕುಬಿಟ್ಟರು. ಅಜ್ಜಿ ನಗಲಿಲ್ಲ, ಹೋಳಿಗೆಯನ್ನೂ ಮುಟ್ಟಲಿಲ್ಲ. ಅಂದಿನಿಂದ ಮನೆಯ ಸಿಹಿಗಳೆಲ್ಲ ಜಾಗ ಬದಲಿಸಿದವು. ಯುಗಾದಿಗೆ ಗೋದಿ ಹುಗ್ಗಿ, ದೀಪಾವಳಿಗೆ ಕರ್ಚಿಕಾಯಿ, ನಮ್ಮ ಹುಟ್ಟಿದ ದಿನಗಳಿಗೆ ಶಾವಿಗೆ ಪಾಯಸ. ಹೋಳಿಗೆಯನ್ನು ಅವ್ವ ತನ್ನ ಸೋಲುಗಳಿಗೆ ಇಟ್ಟುಕೊಂಡಳು. ಇನ್ನೊಂದು ಸಲ, ಮಂಗಗಳ ಮೇಲಿನ ಪ್ರಯೋಗ ಮುರಿದುಬಿದ್ದಾಗ, ಸುದ್ದಿ ಅವಳಿಗಿಂತ ಮೊದಲು ಮನೆಗೆ ಬಂತು. ಅವಳು ಕಾರಿನಲ್ಲಿ ದಾರಿಯಲ್ಲಿದ್ದಳು; ಆಗ ಎಲ್ಲರ ಕೈಯಲ್ಲೂ ಫೋನ್ ಇರಲಿಲ್ಲ. ಲ್ಯಾಬಿನವರು ಅಪ್ಪನಿಗೆ ಹೇಳಿದರು. ಅಪ್ಪ ಫೋನ್ ಇಟ್ಟು, ಬೇಳೆ ತೊಳೆದು ಬೇಯಲಿಟ್ಟರು. ಅವ್ವ ಬಾಗಿಲು ತೆಗೆದು, ಮೂಸಿ ನೋಡಿ, "ಯಾವಾಗ ಫೋನ್ ಬಂತು?" ಎಂದು ಮಾತ್ರ ಕೇಳಿದಳು.

ಯಾಕೆ ಹೀಗೆ ಎಂದು ಒಮ್ಮೆ ನಾನೇ ಅವಳನ್ನು ಕೇಳಿದೆ. ಭಾನುವಾರ, ಗ್ಯಾರೇಜಿನಲ್ಲಿ ಬಟ್ಟೆ ಮಡಚುತ್ತಿದ್ದೆವು.

"ನಮ್ಮಪ್ಪ ಹೋದಾಗ ನಾ ಕಾಲೇಜಿನಾಗಿದ್ದೆ. ಸೂತಕ ಮುಗಿಸಿ ಸಿಹಿ ಊಟ ಅಂತ ಹೋಳಗಿ ಮಾಡಿದ್ರು. ನಾ ಎಲಿ ಮುಂದ ಕೂತು ಅಳ್ಳಿಕತ್ತಿದ್ದೆ. ಇಂಥಾ ದಿನ ಸಿಹಿ ಯಾರು ತಿಂತಾರ ಅಂದೆ. ನಮ್ಮವ್ವ ಒಂದು ತುತ್ತು ಬಾಯಾಗ ಇಟ್ಟು, ತಿನ್ನು, ನಾಳೆ ಕಾಲೇಜಿಗೆ ಹೋಗಬೇಕು ಅಂದ್ಲು."

"ಆಮ್ಯಾಲೆ?"

"ಆಮ್ಯಾಲೇನು. ಮರುದಿನ ಹೋದೆ. ಆ ದಿಂಬಿನ ಚೀಲ ಕೊಡು."

ನಾನು ಎಂಟನೆಯ ತರಗತಿಯಲ್ಲಿದ್ದ ವರ್ಷ ಅವಳ ಲಸಿಕೆ ಮನುಷ್ಯರವರೆಗೆ ಬಂತು. ತಾವಾಗಿ ಮುಂದೆ ಬಂದ ಕೆಲವರಿಗೆ ಲಸಿಕೆ ಕೊಟ್ಟಾಗಿತ್ತು. ಇನ್ನು ಅವರಿಗೆ ಬೇಕೆಂದೇ ಮಲೇರಿಯಾ ಸೊಳ್ಳೆ ಕಚ್ಚಿಸಿ ನೋಡಬೇಕು. ಕಾಗದದ ಕಪ್ಪಿನಲ್ಲಿ ಸೊಳ್ಳೆ ಬಿಟ್ಟು, ಬಾಯಿಗೆ ಬಲೆ ಕಟ್ಟಿ, ಅದರ ಮೇಲೆ ಅವರು ಮುಂಗೈ ಇಟ್ಟು ಕೂರುತ್ತಾರೆ. ಮುಂದೆ ಅವರನ್ನೆಲ್ಲ ಒಂದು ಹೋಟೆಲಿನಲ್ಲಿ ಇರಿಸಿ ದಿನವೂ ರಕ್ತ ನೋಡುತ್ತಾರೆ. ರಕ್ತದಲ್ಲಿ ರೋಗ ಕಂಡ ಕೂಡಲೇ ಔಷಧಿ ಕೊಟ್ಟು ಗುಣಪಡಿಸುತ್ತಾರೆ. ಯಾರ ರಕ್ತದಲ್ಲೂ ಕಾಣದಿದ್ದರೆ ಲಸಿಕೆ ಗೆದ್ದಂತೆ. ಅವ್ವ ನಮಗೆ ಮಾತು ಕೊಟ್ಟಿದ್ದಳು: ಇದು ಗೆದ್ದರೆ ದೀರ್ಘ ರಜೆ ಹಾಕುತ್ತಾಳೆ, ಎಲ್ಲರೂ ಧಾರವಾಡಕ್ಕೆ ಹೋಗಿ ಇಡೀ ಬೇಸಿಗೆ ಇರುತ್ತೇವೆ. ಅಜ್ಜಿಯ ತಂಗಿ ಅಲ್ಲಿ ಹಾಸಿಗೆ ಹಿಡಿದಿದ್ದಳು. ಸೋತರೆ ಮತ್ತೆ ಮೊದಲಿನಿಂದ, ಮತ್ತೆ ಇಲಿಗಳಿಂದ. ಹಾಗಾಗಿ ಆ ಹೋಟೆಲಿನ ಅಪರಿಚಿತರ ರಕ್ತಕ್ಕೆ ನಮ್ಮ ಮನೆಯ ಐದು ಜನರೂ ಕಾಯುತ್ತಿದ್ದೆವು. ಅಜ್ಜಿ ದೇವರ ಮುಂದೆ ನಿಂತು ಅವರ ಹೆಸರು ಗೊತ್ತಿಲ್ಲದ್ದಕ್ಕೆ "ಆ ಹೋಟೆಲಿನ ಮಂದಿ" ಎಂದೇ ಬೇಡಿಕೊಳ್ಳುತ್ತಿದ್ದಳು.

ಆ ವಾರಗಳಲ್ಲಿ ಅವ್ವ ಮನೆಯಲ್ಲಿ ಇದ್ದದ್ದೇ ಕಡಿಮೆ. ಅಪ್ಪ ಬೆಲ್ವ್ಯೂನ ಆಫೀಸಿನಿಂದ ಬೇಗ ಬಂದು ಅನ್ನ, ಸಾರು ಮಾಡುತ್ತಿದ್ದರು. ಕಿಶೋರನ ಶಾಲೆಯ ಕಾರ್ಯಕ್ರಮಕ್ಕೆ ಅವ್ವ ಬರಲಾಗದ ದಿನ ಊಟದ ಮೇಜಿನಲ್ಲಿ ಅಪ್ಪ ಅವ್ವನೊಂದಿಗೆ ಜಗಳ ತೆಗೆದರು.

"ಮಕ್ಕಳನ್ನೂ ಒಂದೊಂದು ಕಪ್ಪಿನಾಗ ಹಾಕಿ ಜಾಳಗಿ ಕಟ್ಟು, ಸುಧಾ. ಆವಾಗರೆ ದಿನಾ ನೋಡ್ತಿ."

"ಮಕ್ಕಳಿಗೆ ಅಡಗಿ ಮಾಡಲಿಕ್ಕೆ ನೀವಿದ್ದೀರಿ. ಸೊಳ್ಳಿಗೆ ಸಕ್ಕರಿ ನೀರು ಕೊಡಲಿಕ್ಕೆ ಯಾರಿದ್ದಾರ?"

"ನಾ ಅದಕ್ಕೂ ಬರ್ತೀನಿ ಬಿಡು. ಅವಾದ್ರೂ ಸಾರಿಗೆ ಉಪ್ಪು ಕಡಿಮಿ ಆತು ಅನ್ನೂದಿಲ್ಲ."

ಅವ್ವ ನಗಲು ನೋಡಿದಳು. ನಗು ಬರಲಿಲ್ಲ. ತಟ್ಟೆಯನ್ನು ಸಿಂಕಿಗೆ ಇಟ್ಟು, ಕೋಟು ಹಾಕಿಕೊಂಡು ಹೋಟೆಲಿಗೆ ಹೋದಳು. ಅಪ್ಪ ಉಳಿದ ಪಾತ್ರೆಗಳನ್ನೆಲ್ಲ ತೊಳೆದರು. ಆಮೇಲೆ ಅವಳ ತಟ್ಟೆಯನ್ನೂ ತೊಳೆದರು.

ದಿನಗಳು ಹೋದವು, ಯಾರ ರಕ್ತದಲ್ಲೂ ಏನೂ ಕಾಣಲಿಲ್ಲ. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಆದರೆ ಅಪ್ಪ ಗ್ಯಾರೇಜಿನಿಂದ ದೊಡ್ಡ ಸೂಟ್‌ಕೇಸ್ ತಂದು ಅದರ ಗಾಲಿಗೆ ಎಣ್ಣೆ ಬಿಟ್ಟದ್ದನ್ನು ನಾನು ನೋಡಿದೆ. ಅಷ್ಟರಲ್ಲಿ ಹೋಳಿ ಹುಣ್ಣಿಮೆ ಬಂತು. ಅವತ್ತು ನಾನು ಶಾಲೆಯಿಂದ ಬಂದಾಗ ಅಜ್ಜಿ ಸೆರಗು ಬಿಗಿದು ಒಲೆಯ ಮುಂದೆ ನಿಂತಿದ್ದಳು. ಹಂಚಿನ ಮೇಲೆ ಹೋಳಿಗೆ.

"ಅಜ್ಜಿ, ಯಾಕ? ಏನಾತು?"

"ಏನೂ ಆಗಿಲ್ಲ. ಹಬ್ಬ ಅದ. ಹೋಳಿ ಹುಣ್ಣಿವಿಗೆ ಹೋಳಗಿ ಮಾಡದಿದ್ರ ಮಂದಿ ನಗತಾರ. ಇದು ಹಬ್ಬದ ಹೋಳಗಿ, ನಿಮ್ಮವ್ವನ ಹೋಳಗಿ ಅಲ್ಲ. ಬಾ, ತುಪ್ಪ ಹಚ್ಚು."

ಅವಳ ಮನಸ್ಸು ನನಗೆ ತಿಳಿಯಿತು. ಲಸಿಕೆ ಗೆಲ್ಲುತ್ತಿದೆ, ಇನ್ನಾದರೂ ಹೋಳಿಗೆಯನ್ನು ಅದರ ಜಾಗಕ್ಕೆ ತಂದು ಕೂರಿಸಬೇಕೆಂದು ಅವಳು ನಿಶ್ಚಯಿಸಿದ್ದಳು. ನಾನೂ ಖುಷಿಯಿಂದ ತುಪ್ಪ ಹಚ್ಚಿದೆ. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು. ವಾಸನೆ ಮೆಟ್ಟಿಲಿಳಿದು ಬಾಗಿಲವರೆಗೂ ತುಂಬಿಕೊಂಡಿತ್ತು ಎಂಬುದು ನಮಗೆ ಹೊಳೆಯಲೇ ಇಲ್ಲ.

ಬಾಗಿಲು ತೆರೆದ ಸದ್ದು ಕೇಳಿತು, ಮುಚ್ಚಿದ ಸದ್ದು ಕೇಳಲಿಲ್ಲ. ಇಣುಕಿ ನೋಡಿದೆ. ಅವ್ವ ಒದ್ದೆ ಕೋಟಿನಲ್ಲೇ, ಶೂ ಬಿಚ್ಚದೆ, ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ತೆರೆದ ಬಾಗಿಲಿಂದ ಮಳೆಯ ಎರಚಲು ಒಳಗೆ ಬರುತ್ತಿತ್ತು.

"ಯಾರ ರಕ್ತದಾಗ ಬಂತು?" ಎಂದು ಕೇಳಿದಳು. ಮುಖ ಎತ್ತಲಿಲ್ಲ.

ಅಜ್ಜಿ ಸೌಟು ಹಿಡಿದುಕೊಂಡೇ ಓಡಿಬಂದಳು.

"ಯಾರ ರಕ್ತದಾಗೂ ಇಲ್ಲವಾ. ಯಾರೂ ಫೋನ್ ಮಾಡಿಲ್ಲ. ಇವತ್ತು ಹುಣ್ಣಿವಿ, ಅದಕ್ಕ ಮಾಡೀನಿ. ಏಳು, ಏಳು ನನ್ನವ್ವ."

ಅವ್ವ ಅಜ್ಜಿಯ ಮುಖ ನೋಡಿದಳು. ಆಮೇಲೆ ನಗತೊಡಗಿದಳು, ನಗುತ್ತಲೇ ಅತ್ತಳು. ಅಜ್ಜಿ ಅವಳ ಶೂ ಬಿಚ್ಚಿದಳು. ಅವಳು ಇನ್ನೊಬ್ಬರ ಪಾದರಕ್ಷೆ ಮುಟ್ಟಿದ್ದನ್ನು ನಾನು ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಊಟಕ್ಕೆ ಕೂತಾಗ ಅವ್ವ ಹೋಳಿಗೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು.

"ತಪ್ಪು ತಿಳಕೋಬ್ಯಾಡ್ರಿ ಅತ್ಯಾ. ಇನ್ನೂ ಮುಗದಿಲ್ಲ. ಮುಗಿಯೂ ಮೊದಲ ತಿನ್ನಲಿಕ್ಕೆ ನನಗ ಆಗೂದಿಲ್ಲ."

ಅಜ್ಜಿ ಎದ್ದಳು. ಉಳಿದ ಹೋಳಿಗೆಗಳನ್ನು ಬಟ್ಟೆಯಲ್ಲಿ ಸುತ್ತಿ ಗ್ಯಾರೇಜಿನ ಫ್ರಿಜ್ಜಿನಲ್ಲಿಟ್ಟಳು. ಅವನ್ನು ಯಾರೂ ತಿನ್ನಲಿಲ್ಲ.

ಅದೇ ವಾರ ಒಬ್ಬರ ರಕ್ತದಲ್ಲಿ ರೋಗ ಕಂಡಿತು. ಮರುದಿನ ಇನ್ನಿಬ್ಬರಲ್ಲಿ. ಆಮೇಲೆ ಉಳಿದ ಹೆಚ್ಚಿನವರಲ್ಲೂ. ಎಲ್ಲರೂ ಔಷಧಿ ತೆಗೆದುಕೊಂಡು ಗುಣವಾಗಿ ಮನೆಗೆ ಹೋದರು. ಲಸಿಕೆ ಅವರನ್ನು ಕಾಯಲಿಲ್ಲ, ಅಷ್ಟೆ. ಕೊನೆಯವರನ್ನು ಕಳಿಸಿಕೊಟ್ಟ ದಿನ ಅವ್ವ ಮಧ್ಯಾಹ್ನವೇ ಮನೆಗೆ ಬಂದಳು. ಅವತ್ತು ಬೇಳೆ ಡಬ್ಬಿಗೆ ಕೈ ಹಾಕಲಿಲ್ಲ. ನಡುಮನೆಯ ಸೋಫಾದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಅಪ್ಪ ಒಂದು ಸಲ ಹೋಗಿ ಹೊದಿಕೆ ಹೊದಿಸಿ ಬಂದರು. ಸಂಜೆಯಾದರೂ ಏಳಲಿಲ್ಲ. ನಾಳೆ ಲ್ಯಾಬಿಗೆ ಹೋಗುವುದಿಲ್ಲ, ಇನ್ನು ಹೋಗುವುದೇ ಇಲ್ಲ ಎಂದು ಗೋಡೆಗೆ ಹೇಳಿದಳು. ನಾವು ಮಕ್ಕಳು ಇಷ್ಟು ದಿನ ಬಯಸಿದ್ದು ಅದೇ ಆಗಿತ್ತು, ಅವ್ವ ಮನೆಯಲ್ಲಿರುವುದು. ಆದರೆ ಸೋಫಾದ ಮೇಲೆ ಮಲಗಿದ್ದವಳನ್ನು ನೋಡಿ ಕಿಶೋರ್ ನನ್ನ ತೋಳು ಹಿಡಿದುಕೊಂಡ.

ಅಡುಗೆಮನೆಯಿಂದ ಕುಕ್ಕರಿನ ಸೀಟಿ ಕೇಳಿಸಿತು. ಅಜ್ಜಿ ಒಬ್ಬಳೇ ಬೇಳೆ ಬೇಯಿಸಿ, ಬೆಲ್ಲ ಹಾಕಿ ಕುದಿಸಿ, ರುಬ್ಬಿ, ಕಣಕ ನಾದುತ್ತಿದ್ದಳು. ನನ್ನನ್ನು ಕರೆಯಲಿಲ್ಲ. ಮೊದಲ ಹೋಳಿಗೆಯನ್ನು ತಟ್ಟೆಗೆ ಹಾಕಿ, ತುಪ್ಪ ಬಿಟ್ಟು, ಸೋಫಾದ ಪಕ್ಕ ನೆಲದ ಮೇಲೆ ಕೂತಳು. ಮೊಣಕಾಲು ನೋವಿನವಳು, ನೆಲದ ಮೇಲೆ ಕೂರುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

"ಸುಧಾ, ಏಳು. ಬಾಯಿ ತಗಿ."

"ಬ್ಯಾಡ ಅತ್ಯಾ."

"ನಿಮ್ಮ ಮಾವ ಹೋದಾಗ ನಾನೂ ಬ್ಯಾಡ ಅಂದಿದ್ದೆ. ಬಿಟ್ರೇನು? ತಿನ್ನು. ನಾಳೆ ಹೋಗಬೇಕಲ್ಲ."

ಅವ್ವ ಗೋಡೆಯ ಕಡೆಯಿಂದ ತಿರುಗಿದಳು. ಅಜ್ಜಿ ತುತ್ತು ಮುರಿದು ಬಾಯಿಗಿಟ್ಟಳು. ಆಮೇಲೆ ಒಂದು ಚೂರು ತಾನೂ ಬಾಯಿಗೆ ಹಾಕಿಕೊಂಡಳು, ಆ ಬಗೆಯ ಹೋಳಿಗೆಯನ್ನು ಮೊದಲ ಬಾರಿಗೆ. ಮರುದಿನ ನಾವು ಏಳುವ ಮೊದಲೇ ಅವ್ವನ ಕಾರು ಹೋಗಿತ್ತು.

ಧಾರವಾಡಕ್ಕೆ ಎಲ್ಲರೂ ಕೂಡಿ ಹೋಗುವುದು ಆಗಲೇ ಇಲ್ಲ. ಮುಂದೊಂದು ವರ್ಷ ಅಪ್ಪ ಅಜ್ಜಿಯನ್ನು ಕರೆದುಕೊಂಡು ಹೋಗಿಬಂದರು. ಅಷ್ಟರಲ್ಲಿ ಅವಳ ತಂಗಿ ಇರಲಿಲ್ಲ. ಅಜ್ಜಿಯೂ ಕೆಳಗಿನ ಕೋಣೆಯಲ್ಲೇ ಹೋದಳು. ಅವಳ ಸಿಹಿ ಊಟಕ್ಕೆ ಅವ್ವ ಹೋಳಿಗೆ ಮಾಡಿದಳು, ಮರುದಿನ ಕೆಲಸಕ್ಕೆ ಹೋದಳು. ಲಸಿಕೆಗಳು ಬಂದವು, ಕೆಲವು ಸ್ವಲ್ಪ ಗೆದ್ದವು, ಯಾವುದೂ ಸಾಕಾಗುವಷ್ಟು ಗೆಲ್ಲಲಿಲ್ಲ. ಕಡೆಗೆ ಬೇರೆಯವರು ಬೇರೆ ದಾರಿಯಿಂದ ಮಾಡಿದ ಲಸಿಕೆ ಆಫ್ರಿಕಾದ ಮಕ್ಕಳಿಗೆ ಸಿಗತೊಡಗಿತು. ಆ ಸುದ್ದಿ ಬಂದ ಬೆಳಿಗ್ಗೆ ನಾನು ಇಲ್ಲೇ ಇದ್ದೆ. ಅವ್ವ ಆಗಲೇ ನಿವೃತ್ತಳಾಗಿದ್ದಳು. ಕನ್ನಡಕ ಏರಿಸಿ ಎರಡು ಸಲ ಓದಿದಳು. "ಛಲೋ ಆತು" ಎಂದಳು. ಅಪ್ಪ ಅವಳ ಮುಖ ನೋಡಿ, ಬೇಳೆ ನೆನೆಹಾಕಲೇ ಎಂದು ಹಗುರಾಗಿ ಕೇಳಿದರು.

"ಯಾಕ? ಗೆದ್ದಾರಲ್ಲ. ಅವಲಕ್ಕಿ ಹಚ್ಚತೀನಿ ತಡೀರಿ."

ಅವಲಕ್ಕಿ ಹಚ್ಚಿದಳು. ಚೆನ್ನಾಗಿತ್ತು. ತಿಂದು, ಹಿತ್ತಿಲಿಗೆ ಹೋಗಿ ಒಬ್ಬಳೇ ಸ್ವಲ್ಪ ಹೊತ್ತು ನಿಂತಿದ್ದು ಬಂದಳು.

ಸಿಹಿ ಊಟದ ದಿನ ಬೆಳಿಗ್ಗೆ ನಾನು ಪೇಡೆಯ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟೆ. ಆಮೇಲೆ ಬೇಳೆಯನ್ನೂ ಬೇಯಲಿಟ್ಟೆ. ಅಪ್ಪನ ಮಾತು ಮೀರಬೇಕೆಂದಲ್ಲ. ಅಷ್ಟು ವರ್ಷ ಆ ಹೋಳಿಗೆ ತಿಂದರೂ ಅವರು ಅದರಲ್ಲಿ ಸೋಲಿನ ದಿನವನ್ನಷ್ಟೇ ಕಂಡಿದ್ದರು. ಅದರ ಮರುದಿನ ಬೆಳಿಗ್ಗೆ ಖಾಲಿಯಾಗಿರುತ್ತಿದ್ದ ಕಾರಿನ ಜಾಗ ನನಗೆ ನೆನಪಿತ್ತು. ಅದನ್ನು ಅವರಿಗೆ ಮಾತಿನಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ. ವಾಸನೆ ಹತ್ತಿ ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಬೈಯುತ್ತಾರೆಂದುಕೊಂಡೆ. ಬೋಗುಣಿಯೊಳಗೆ ಇಣುಕಿದರು.

"ಹೂರಣ ನೀರಾಗೇದ. ಇನ್ನೊಂದೀಟು ಬಾಡಸು."

"ನಿಮಗ ಹೆಂಗ ಗೊತ್ತು?"

"ಇಷ್ಟು ವರ್ಷ ತಿಂದೀನಿ, ಗೊತ್ತಾಗೂದಿಲ್ಲೇನು?"

ಸೌಟು ನನ್ನ ಕೈಯಿಂದ ತೆಗೆದುಕೊಂಡು ತಾವೇ ಕೈಯಾಡಿಸಿದರು. ನನ್ನ ಕೈಗೆ ಅವ್ವನ ಹದ ಇಲ್ಲ. ಕಣಕ ಅಲ್ಲಲ್ಲಿ ಹರಿದು ಹೂರಣ ಹಂಚಿಗೆ ಅಂಟಿತು. ಅಪ್ಪ ಅದನ್ನು ಕೆರೆದು ಹಾಕಿದರು. ಅಷ್ಟರಲ್ಲಿ ಕೆಳಗೆ ಬಾಗಿಲು ತೆರೆಯಿತು. ಪುರೋಹಿತರನ್ನು ಕರೆತರಲು ಹೋಗಿದ್ದ ಕಿಶೋರ್, ಅವರು ಕಾರಿನಿಂದ ಇಳಿಯುವ ಮೊದಲೇ ಒಳಗೆ ಬಂದಿದ್ದ. ಮೆಟ್ಟಿಲ ಬುಡದಲ್ಲಿ ನಿಂತದ್ದು ಕಾಣಿಸಿತು. ಕೂದಲು ನೆರೆಯತೊಡಗಿದ ಗಂಡಸು. ಅವನು ಈ ಸಲ ಕೇಳಲಿಲ್ಲ. ಶೂ ಬಿಚ್ಚಿ, ಮೇಲೆ ಬಂದು, ಕೈ ತೊಳೆದುಕೊಂಡ.

ಊಟಕ್ಕೆ ಕೂತ ಮೇಲೆ ಅಪ್ಪನ ಎಲೆಗೆ ನಾನು ಪೇಡೆ ಮಾತ್ರ ಬಡಿಸಿದೆ. ಅವರು ಅದನ್ನು ಬದಿಗೆ ಸರಿಸಿ, ಕೈ ಚಾಚಿ ನನ್ನ ಎಲೆಯಿಂದ ಹೋಳಿಗೆಯ ಒಂದು ತುಂಡು ಮುರಿದುಕೊಂಡರು. ನಿಧಾನವಾಗಿ ಅಗಿದು ನುಂಗಿದರು. ನಾನು ಹತ್ತಿರದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳಿಗೆ ಓದಲು ಕಲಿಸುವ ಕೆಲಸದಲ್ಲಿದ್ದೇನೆ. ಅವ್ವ ಆಸ್ಪತ್ರೆ ಸೇರಿದಂದಿನಿಂದ ಹೋಗಿರಲಿಲ್ಲ.

"ನಾಳೆ ಸಾಲಿ ಅದ ಏನು ನಿನಗ?"

"ಅದ, ಅಪ್ಪ."

"ಹಂಗಾರ ಇನ್ನೊಂದು ಹಾಕ್ಕೋ" ಎಂದರು. ಆಮೇಲೆ ತಮಗೂ ಒಂದು ಬೇಕೆಂದು ತಮ್ಮ ಎಲೆಯನ್ನೂ ನನ್ನ ಕಡೆ ಸರಿಸಿದರು.